ಆಟಕ್ಕುಂಟು ಲೆಕ್ಕಕ್ಕಿಲ್ಲ: ಗಡಿನಾಡಿನ ಅಂಗಳ, ಎಳೆಯ ಮಕ್ಕಳ ಆಟ ಮತ್ತು ಎಲ್ಲರನ್ನೂ ಸೇರಿಸಿಕೊಳ್ಳುವ ಪಾಠ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

ನನ್ನ ಧ್ವನಿ ಎಲ್ಲರಿಗೂ ಕೇಳ್ತಾ ಇದೆ ಅಂದುಕೊಳ್ತೀನಿ. ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ. ಊರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನಲ್ಲಿ. ಮನ್ಯಾಗ ಕನ್ನಡ, ಸಂತ್ಯಾಗ ಮರಾಠಿ, ಬಾಜೂಕಿನ ಓಣ್ಯಾಗ ಉರ್ದು, ಇದು ನಮ್ಮ ಕಡೆಯ ದಿನನಿತ್ಯದ ಮಾತು.

ಗಡಿನಾಡ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಸನ, ಸಾಹಿತ್ಯ, ಶಾಲೆ ಈ ಮೂರರ ಸುತ್ತ ಮಾತಾಡ್ತೀವಿ. ನಾನು ಶಾಲೆಗಿಂತ ಮೊದಲಿನ ಜಾಗಕ್ಕೆ ಹೋಗಬೇಕು ಅಂತಿದ್ದೀನಿ. ಮೂರರಿಂದ ಆರು ವರ್ಷದ ಮಕ್ಕಳು ಇರುವ ಜಾಗ. ಅಲ್ಲಿ ಪಾಠ ಅಂದರೆ ಆಟವೇ. ಬೇರೆ ಭಾಷೆಯ, ಬೇರೆ ಜಾತಿಯ, ಬೇರೆ ಮೈಕಟ್ಟಿನ ಮಗುವನ್ನು ಜೊತೆಗೆ ಸೇರಿಸಿಕೊಳ್ಳುವುದನ್ನು ಆ ವಯಸ್ಸಿನಲ್ಲಿ ಕಲಿಸುವುದು ಹೇಗೆ ಅನ್ನೋ ಪ್ರಶ್ನೆಗೆ ನಮ್ಮ ದೇಶದಲ್ಲೇ ನೂರು ವರ್ಷದ ಚರಿತ್ರೆ ಇದೆ. ಆ ಚರಿತ್ರೆಯನ್ನು ಗಡಿಯ ಅಂಗಳದಲ್ಲಿ ನಿಂತು ಓದುವುದು ಈ ಪ್ರಬಂಧದ ಉದ್ದೇಶ.

1. ಒಂದು ಮಾತು, ನಾಲ್ಕು ಭಾಷೆ

ಆರಂಭಕ್ಕೆ ನಮಗೆಲ್ಲ ಗೊತ್ತಿರುವ ಒಂದು ಮಾತನ್ನು ತೆಗೆದುಕೊಳ್ಳುತ್ತೇನೆ: ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಈಗ ಇದನ್ನು ಕಚೇರಿಯಲ್ಲಿ ಮೂಲೆಗುಂಪಾದ ನೌಕರನಿಗೂ ಪಕ್ಷದಲ್ಲಿ ಕಡೆಗಣಿಸಲ್ಪಟ್ಟ ಮುಖಂಡನಿಗೂ ಬಳಸ್ತೀವಿ. ಆದರೆ ಮಾತಿನ ಹುಟ್ಟು ಮಕ್ಕಳ ಆಟದಲ್ಲಿದೆ. ದೊಡ್ಡ ಮಕ್ಕಳು ಆಡುವಾಗ ತಮ್ಮನೋ ತಂಗಿಯೋ ಅಳುತ್ತಾ ಬಂದರೆ ಅವರನ್ನೂ ಸೇರಿಸಿಕೊಳ್ಳಬೇಕು, ಇಲ್ಲದಿದ್ದರೆ ಮನೆಯಲ್ಲಿ ಅವ್ವ ಬಯ್ತಾಳೆ. ಸೇರಿಸಿಕೊಂಡರೆ ಆಟ ಕೆಡುತ್ತದೆ. ಹಾಗಾಗಿ ಒಂದು ಒಪ್ಪಂದ: ಅವನು ಓಡಲಿ, ಅಡಗಲಿ, ಕೂಗಲಿ, ಆದರೆ ಮುಟ್ಟಿದರೆ ಔಟ್ ಇಲ್ಲ, ಗೆದ್ದರೆ ಗೆಲುವೂ ಇಲ್ಲ.

ಗಡಿಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಇದೇ ಒಪ್ಪಂದ ನೆರೆಯ ಭಾಷೆಗಳಲ್ಲೂ ಇದೆ. ಮರಾಠಿ ಮಕ್ಕಳು ಅಂಥ ಚಿಕ್ಕವನನ್ನು ‘ಲಿಂಬೂ ಟಿಂಬೂ’ ಅಂತಾರೆ. ತೆಲುಗಿನಲ್ಲಿ ‘ಆಟಲೋ ಅರಟಿಪಂಡು’, ಅಂದರೆ ಆಟದೊಳಗಿನ ಬಾಳೆಹಣ್ಣು. ತಮಿಳಿನಲ್ಲಿ ‘ಒಪ್ಪುಕ್ಕು ಚಪ್ಪಾಣಿ’. ರಾಯದುರ್ಗದ ಮಗು, ತಾಳವಾಡಿಯ ಮಗು, ಅಕ್ಕಲಕೋಟೆಯ ಮಗು ಮೂವರೂ ಕನ್ನಡದ ಮಾತಿನ ಜೊತೆಗೆ ನೆರೆಭಾಷೆಯ ಈ ಮಾತುಗಳನ್ನೂ ಕೇಳುತ್ತಲೇ ಬೆಳೆಯಬಹುದು.

ನಾಲ್ಕು ಭಾಷೆಯ ಮಕ್ಕಳು ಒಂದೇ ಸಮಸ್ಯೆಗೆ ಒಂದೇ ಪರಿಹಾರ ಕಂಡುಕೊಂಡಿದ್ದಾರೆ. ದೊಡ್ಡವರು ಯಾರೂ ಇದನ್ನು ಕಲಿಸಿಲ್ಲ. ‘ಒಳಗೊಳ್ಳುವಿಕೆ’ ಅಂತ ನಾವು ಇವತ್ತು ಹೇಳುವ ಭಾರವಾದ ಶಬ್ದದ ಮೊದಲ ರೂಪ ಇದೇ ಇರಬಹುದು. ಇದರೊಳಗೆ ಪ್ರೀತಿ ಇದೆ: ಅಳುವವನನ್ನು ಹೊರಗೆ ನಿಲ್ಲಿಸೋದಿಲ್ಲ. ಇದರೊಳಗೆ ತಾತ್ಸಾರವೂ ಇದೆ: ಒಳಗೆ ಬಂದವನು ಲೆಕ್ಕಕ್ಕೆ ಬರೋದಿಲ್ಲ. ತಮಿಳಿನ ಮಾತನ್ನೇ ನೋಡಿ. ಚಪ್ಪಾಣಿ ಅಂದರೆ ಕಾಲು ಬಾರದವನು. ಒಪ್ಪುಕ್ಕು ಅಂದರೆ ಹೆಸರಿಗೆ ಮಾತ್ರ. ನಡೆಯಲಾರದ ಮಗುವಿಗೆ ಆಟದಲ್ಲಿ ಸಿಗುತ್ತಿದ್ದ ಸ್ಥಾನ ಎಂಥದು ಅನ್ನೋದು ಆ ಶಬ್ದದಲ್ಲೇ ಉಳಿದುಬಿಟ್ಟಿದೆ.

ಚಿಕ್ಕ ತಮ್ಮನ ವಿಷಯದಲ್ಲಿ ಈ ನಿಯಮದಿಂದ ತೊಂದರೆ ಇಲ್ಲ. ಎರಡು ವರ್ಷ ಕಳೆದರೆ ಅವನೂ ಓಡುತ್ತಾನೆ, ಒಂದು ದಿನ ‘ಇವತ್ತಿಂದ ನೀನೂ ಲೆಕ್ಕಕ್ಕೆ’ ಅಂತ ಅಕ್ಕನೇ ಹೇಳುತ್ತಾಳೆ. ವಯಸ್ಸು ಅವನನ್ನು ದಾಟಿಸುತ್ತದೆ. ಜಾತಿಯ ಕಾರಣಕ್ಕೋ, ಅಂಗದ ಊನದ ಕಾರಣಕ್ಕೋ, ಮನೆಮಾತಿನ ಕಾರಣಕ್ಕೋ ಲೆಕ್ಕದಿಂದ ಹೊರಗುಳಿದ ಮಗುವನ್ನು ವಯಸ್ಸು ದಾಟಿಸುವುದಿಲ್ಲ. ಅಲ್ಲಿ ಯಾರಾದರೂ ಆಟದ ನಿಯಮವನ್ನೇ ಬದಲಾಯಿಸಬೇಕಾಗುತ್ತದೆ. ಹಾಗೆ ಬದಲಾಯಿಸಿದವರ ಕಥೆಗೆ ಈಗ ಬರುತ್ತೇನೆ.

2. ಭಾವನಗರದಿಂದ ಬೋರ್ಡಿಗೆ

ಎಳೆಯ ಮಕ್ಕಳ ಶಿಕ್ಷಣ ಆಟದಿಂದಲೇ ಆಗಬೇಕು ಅನ್ನುವ ಆಧುನಿಕ ವಿಚಾರವನ್ನು ಸಾಮಾನ್ಯವಾಗಿ ಜರ್ಮನಿಯ ಫ್ರೋಬೆಲ್‌ನಿಂದ ಆರಂಭಿಸುತ್ತಾರೆ. ಅವನು 1837ರಲ್ಲಿ ತೆರೆದ ಸಂಸ್ಥೆಗೆ ಮುಂದೆ ‘ಕಿಂಡರ್‌ಗಾರ್ಟನ್’ ಅಂತ ಹೆಸರಾಯಿತು. 1907ರಲ್ಲಿ ಮರಿಯಾ ಮಾಂಟೆಸ್ಸರಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದರು. ಭಾರತದಲ್ಲಿ ಈ ವಿಚಾರವನ್ನು ನೆಲಕ್ಕೆ ಇಳಿಸಿದವರಲ್ಲಿ ಮುಖ್ಯರು ಗುಜರಾತದ ಗಿಜುಭಾಯಿ ಬಧೇಕಾ. ವಕೀಲಿಕೆ ಬಿಟ್ಟು ಶಿಕ್ಷಣಕ್ಕೆ ಬಂದ ಅವರು 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿಯಲ್ಲಿ ಬಾಲಮಂದಿರ ಆರಂಭಿಸಿದರು. ಹೊಡೆತ ಇಲ್ಲ, ಬಾಯಿಪಾಠ ಇಲ್ಲ. ಕಥೆ, ಹಾಡು, ನಾಟಕ, ಮಣ್ಣು, ತೋಟ. ಅಲ್ಲಿ ಅವರ ಜೊತೆ ಕೆಲಸ ಮಾಡಿದವರು ತಾರಾಬಾಯಿ ಮೋಡಕ್. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿದ್ದೂ ಇವರ ಪ್ರಯತ್ನದಿಂದಲೇ. 1936ರಲ್ಲಿ ತಾರಾಬಾಯಿ ಮುಂಬಯಿಯ ದಾದರ್‌ನಲ್ಲಿ ಶಿಶುವಿಹಾರ ಕಟ್ಟಿದರು.

ಇಲ್ಲಿಯವರೆಗಿನ ಕಥೆ ಬಹುಮಟ್ಟಿಗೆ ಪಟ್ಟಣದ, ಓದಿದ ಕುಟುಂಬಗಳ ಮಕ್ಕಳ ಕಥೆ. ತಿರುವು ಬಂದದ್ದು 1945ರಲ್ಲಿ. ಮುಂಬಯಿಯ ಉತ್ತರಕ್ಕೆ ಕಡಲ ದಂಡೆಯಲ್ಲಿರುವ ಬೋರ್ಡಿ ಎಂಬ ಹಳ್ಳಿಗೆ ತಾರಾಬಾಯಿ ಹೋದರು. ಗ್ರಾಮ ಬಾಲ ಶಿಕ್ಷಾ ಕೇಂದ್ರ ಆರಂಭವಾಯಿತು. ಅಲ್ಲಿ ಅವರ ಜೊತೆಯಾದವರು ಅನುತಾಯಿ ವಾಘ್. ಬಾಲವಾಡಿ ತೆರೆದರು, ಆಟದ ಸಾಮಾನು ಇಟ್ಟರು. ಆದರೆ ಊರಿನ ದಲಿತ ಕೇರಿಯ ಮಕ್ಕಳು, ಆದಿವಾಸಿ ಮಕ್ಕಳು ಬರಲಿಲ್ಲ. ಬಾಗಿಲು ತೆರೆದೇ ಇತ್ತು, ಆದರೂ ಬರಲಿಲ್ಲ.

ಇಲ್ಲಿ ಎರಡು ದಾರಿ ಇದ್ದವು. ‘ಅವರಿಗೆ ಕಲಿಕೆಯ ಆಸಕ್ತಿ ಇಲ್ಲ’ ಅಂತ ಬರೆದುಕೊಂಡು ಸುಮ್ಮನಾಗುವುದು ಒಂದು. ತಾರಾಬಾಯಿ, ಅನುತಾಯಿ ಇನ್ನೊಂದು ದಾರಿ ಹಿಡಿದರು. ಮಕ್ಕಳು ಬಾಲವಾಡಿಗೆ ಬರದಿದ್ದರೆ ಬಾಲವಾಡಿಯೇ ಮಕ್ಕಳ ಅಂಗಳಕ್ಕೆ ಹೋಗಲಿ ಅಂತ ತೀರ್ಮಾನಿಸಿದರು. ಕೇರಿಯ ಅಂಗಳದಲ್ಲೇ ಮಕ್ಕಳನ್ನು ಕೂಡಿಸಿ, ಮೈತೊಳೆದು, ತಲೆ ಬಾಚಿ, ಹಾಡು ಕಥೆ ಆಟ ನಡೆಸಿದರು. ಅದಕ್ಕೆ ಇಟ್ಟ ಹೆಸರು ‘ಅಂಗಣವಾಡಿ’. ಮರಾಠಿಯ ಅಂಗಣ ನಮ್ಮ ಅಂಗಳವೇ. ಮುಂದೆ ಕೇಂದ್ರ 1957ರಲ್ಲಿ ಕೋಸಬಾಡ್ ಗುಡ್ಡಕ್ಕೆ ಹೋಯಿತು. ಅಲ್ಲಿ ದನ ಕಾಯುವ ಆದಿವಾಸಿ ಮಕ್ಕಳಿಗಾಗಿ ‘ಕುರಣಶಾಳಾ’ ಬಂತು. ಕುರಣ ಅಂದರೆ ಹುಲ್ಲುಗಾವಲು. ದನ ಮೇಯುವಲ್ಲೇ ಶಾಲೆ.

ಇನ್ನೊಂದು ಬದಲಾವಣೆಯನ್ನು ನಾವು ಗಮನಿಸಬೇಕು. ಮಾಂಟೆಸ್ಸರಿ ಪದ್ಧತಿಯ ಮರದ ಸಾಮಾನುಗಳು ದುಬಾರಿ. ಬೋರ್ಡಿಯಲ್ಲಿ ಅದರ ಬದಲಿಗೆ ಎಲೆ, ಬೀಜ, ಹರಳು, ಕಪ್ಪೆಚಿಪ್ಪು ಬಂದವು. ಇದನ್ನು ಬರೀ ಉಳಿತಾಯ ಅಂತ ನೋಡಿದರೆ ಅರ್ಧ ಮಾತ್ರ ಕಂಡ ಹಾಗೆ. ಪಟ್ಟಣದಿಂದ ಬಂದ ಮರದ ಸಾಮಾನಿನ ಮುಂದೆ ಎಲ್ಲ ಹಳ್ಳಿ ಮಕ್ಕಳೂ ಅಂಜುತ್ತಾರೆ. ಹರಳಿನ ಮುಂದೆ ಆದಿವಾಸಿ ಮಗುವೇ ಬಲ್ಲವಳು. ಯಾವ ಬೀಜ ಯಾವ ಗಿಡದ್ದು ಅಂತ ಅವಳು ಬಾಯಿಗೆ ಹೇಳಬಲ್ಲಳು, ಅಕ್ಕೋರು ಅವಳಿಂದ ಕೇಳಿ ತಿಳಿಯಬೇಕು. ಆಟದ ಜಾಗವೂ ಆಟದ ಸಾಮಾನೂ ಬದಲಾದ ಮೇಲೆ ‘ಯಾರು ಲೆಕ್ಕಕ್ಕೆ’ ಅನ್ನೋದು ತಾನಾಗಿಯೇ ಬದಲಾಗುತ್ತದೆ. ಎಳೆಯ ಮಕ್ಕಳಿಗೆ ಸಮಾನತೆಯ ಬಗ್ಗೆ ಭಾಷಣ ಮಾಡಬೇಕಾಗಿಲ್ಲ, ಆಟದ ಏರ್ಪಾಡೇ ಅದನ್ನು ಹೇಳುತ್ತದೆ. ಬೋರ್ಡಿಯಿಂದ ನಾನು ತೆಗೆದುಕೊಳ್ಳುವ ಪಾಠ ಇದು.

3. ಲೆಕ್ಕಕ್ಕುಂಟು, ಆಟಕ್ಕಿಲ್ಲ

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆ ಪ್ರಾಯೋಗಿಕವಾಗಿ ಆರಂಭಿಸಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಕೇರಿಯ ಅಂಗಳದಲ್ಲಿ ಹುಟ್ಟಿದ ಹೆಸರೇ ಇಡೀ ದೇಶದ ಯೋಜನೆಯ ಕೇಂದ್ರಗಳಿಗೆ ಬಂತು. ಕನ್ನಡದಲ್ಲಿ ಅದು ಅಂಗನವಾಡಿ ಆಯಿತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಪೋಷಣೆ ಮತ್ತು ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ, ಹೀಗೆ ಆರು ಸೇವೆಗಳು. ನಮ್ಮಂಥ ಎಷ್ಟೋ ಮಕ್ಕಳು ಬದುಕಿ ಉಳಿದದ್ದರಲ್ಲಿ ಈ ಯೋಜನೆಯ ಪಾಲು ಇದೆ, ಅದನ್ನು ಯಾರೂ ಅಲ್ಲಗಳೆಯಬಾರದು.

ಆದರೆ ಆರರಲ್ಲಿ ಐದು ಸೇವೆಗಳು ತೂಗುವ, ಅಳೆಯುವ, ಎಣಿಸುವ ಸೇವೆಗಳು. ಅವಕ್ಕೆ ವಹಿ ಇದೆ, ತಿಂಗಳ ವರದಿ ಇದೆ, ಮೇಲಿನಿಂದ ಕೇಳುವವರಿದ್ದಾರೆ. ಆರನೆಯದು ಆಟ. ಅದನ್ನು ತಕ್ಕಡಿಯಲ್ಲಿ ಇಡಲು ಬರುವುದಿಲ್ಲ. ಹಾಗಾಗಿ ಗಾದೆ ಇಲ್ಲಿ ತಲೆಕೆಳಗಾಯಿತು. ಮಗು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಎಷ್ಟು ಕಿಲೋ ಇದೆ ಅಂತ ವಹಿಯಲ್ಲಿ ಇರುತ್ತದೆ. ಅದು ಇವತ್ತು ಯಾರ ಜೊತೆ ಆಡಿತು, ಯಾರ ಜೊತೆ ಆಡಲಿಲ್ಲ, ಬೆಳಗಿನಿಂದ ಬಾಯಿ ಬಿಟ್ಟಿತೋ ಇಲ್ಲವೋ ಅನ್ನೋದು ಎಲ್ಲೂ ಇರುವುದಿಲ್ಲ. ಇದು ಕಾರ್ಯಕರ್ತೆಯರ ತಪ್ಪು ಅಂತ ನಾನು ಹೇಳ್ತಿಲ್ಲ. ಒಬ್ಬಳೇ ಹೆಣ್ಣುಮಗಳು, ಜೊತೆಗೆ ಒಬ್ಬ ಸಹಾಯಕಿ, ಕೊಡುವ ಗೌರವಧನ ಎಷ್ಟು ಅಂತ ನಮಗೆಲ್ಲ ಗೊತ್ತಿದೆ.

ಜಾಗದ ವಿಷಯದಲ್ಲೂ ಬೋರ್ಡಿಯ ಪಾಠ ಮರೆತುಹೋಗಿತ್ತು. ಕೇಂದ್ರಗಳು ಮೇಲ್ಜಾತಿಯ ಓಣಿಗಳಲ್ಲಿದ್ದು ದಲಿತ ಕೇರಿಯ ಮಕ್ಕಳಿಗೆ ದೂರವಾಗಿರುವ ದೂರುಗಳು ಬಂದವು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಪರಿಶಿಷ್ಟ ಜಾತಿ, ಪಂಗಡಗಳ ಕೇರಿ ಹಾಡಿಗಳಿಗೆ ಮೊದಲ ಆದ್ಯತೆ ಇರಲಿ ಅಂತು. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿರುವ ಹಳ್ಳಿ ಕೊಳಗೇರಿಗಳ ಜನ ಕೇಳಿದರೆ ಅಂಗನವಾಡಿ ಕೊಡಬೇಕು ಅಂತಲೂ ಹೇಳಿತು. ಅನುತಾಯಿ, ತಾರಾಬಾಯಿ ತಾವಾಗಿ ಕೇರಿಗೆ ನಡೆದದ್ದು 1945ರ ಸುಮಾರಿಗೆ. ಅದನ್ನೇ ಸರ್ಕಾರಗಳಿಗೆ ನ್ಯಾಯಾಲಯ ಹೇಳಬೇಕಾದದ್ದು ಅರವತ್ತು ವರ್ಷದ ಮೇಲೆ.

4. ಒಂದನೇ ಇಯತ್ತೆಯಿಂದ ಆರಂಭವಾಗುವ ತಾಯಿಭಾಷೆ

ಈಗ ಭಾಷೆಗೆ ಬರೋಣ. ಭಾಷಾವಾರು ಪ್ರಾಂತ ಆದಾಗ ಗಡಿಯ ಆಚೆ ಉಳಿದವರಿಗಾಗಿ 1956ರ ಏಳನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಕೊಡಬೇಕು ಅನ್ನುತ್ತದೆ ಅದು. ನಾನು ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಯಲ್ಲಿ ಓದಿದ್ದು ಈ ವಿಧಿಯ ನೆರಳಿನಲ್ಲೇ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳ, ಅಂದರೆ 1967ರಲ್ಲಿ ಪುಣೆಯಲ್ಲಿ ಆರಂಭವಾದ ಬಾಲಭಾರತಿ, ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಯ ಜತ್ತ ಈ ತಾಲ್ಲೂಕುಗಳ ಕನ್ನಡ ಶಾಲೆಗಳು ಅವುಗಳ ಮೇಲೆ ನಡೆದಿವೆ. ಸೊಲ್ಲಾಪುರದ ಕನ್ನಡಕ್ಕಾಗಿ, ಕನ್ನಡ ಶಾಲೆಗಳಿಗಾಗಿ ಬದುಕು ತೇದ ಜಯದೇವಿತಾಯಿ ಲಿಗಾಡೆಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು.

ಆದರೆ ವಿಧಿಯಲ್ಲಿರುವ ‘ಪ್ರಾಥಮಿಕ ಹಂತ’ ಅನ್ನುವ ಎರಡು ಶಬ್ದಗಳ ಮೇಲೆ ಬೆರಳಿಡಿ. ಮೂರರಿಂದ ಆರು ವರ್ಷದ ಮಗು ಅದರೊಳಗೆ ಬರುವುದಿಲ್ಲ. 2002ರ 86ನೇ ತಿದ್ದುಪಡಿ 45ನೇ ವಿಧಿಯನ್ನು ಬದಲಿಸಿ, ಆರು ವರ್ಷದವರೆಗಿನ ಮಕ್ಕಳ ಪಾಲನೆ ಶಿಕ್ಷಣಕ್ಕೆ ರಾಜ್ಯ ಪ್ರಯತ್ನಿಸಬೇಕು ಅಂದಿತು. ಭಾಷೆಯ ಮಾತು ಅಲ್ಲಿ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಮೂರು ವರ್ಷ ದಾಟಿದ ಮಕ್ಕಳ ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ಏರ್ಪಾಡು ‘ಮಾಡಬಹುದು’ ಅಂತ ಅದರ 11ನೇ ಕಲಮು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ತಳಹದಿಯ ಹಂತ ಅಂತ ನೋಡಿತು, 2022ರ ಅಕ್ಟೋಬರ್‌ನಲ್ಲಿ ಬಂದ ಆ ಹಂತದ ಪಠ್ಯಕ್ರಮ ಚೌಕಟ್ಟು ಆಟವನ್ನೂ ಮನೆಮಾತನ್ನೂ ನಡುವಿಗೆ ತಂದಿತು. ಇದು ದೊಡ್ಡ ಹೆಜ್ಜೆ. ಆದರೆ ನೀತಿ ಬೇರೆ, ಹಕ್ಕು ಬೇರೆ.

ನಮ್ಮ ಹೋರಾಟಗಳೂ ಇದೇ ಗೆರೆಯ ಮೇಲೆ ನಿಂತಿವೆ. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯ ಕಾಯ್ದೆ ತಂದಿತು. ಕೇರಳ 2017ರಲ್ಲಿ ಮಲಯಾಳಂ ಕಲಿಕೆಯ ಕಾಯ್ದೆ ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಅವೆಲ್ಲ ಶಾಲೆಯ ಪ್ರಶ್ನೆಗಳು, ನ್ಯಾಯವಾದ ಪ್ರಶ್ನೆಗಳು. ಅಂಗನವಾಡಿಯ ಭಾಷೆ ಯಾವುದು ಅನ್ನುವ ಪ್ರಶ್ನೆ ಆ ಸಭೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಪರಿಣಾಮ ಏನು? ಕನ್ನಡ ಮನೆಯ ಮಗು ಮೂರು ವರ್ಷ ಬೇರೊಂದು ಭಾಷೆಯ ಅಂಗಳದಲ್ಲಿ ಬಾಯಿ ಮುಚ್ಚಿ ಕೂತು, ಆಮೇಲೆ ಕನ್ನಡ ಶಾಲೆಗೆ ಬರಬೇಕು. ಅಷ್ಟರಲ್ಲಿ ‘ನಮ್ಮ ಕೂಸಿಗೆ ಕನ್ನಡ ಶಾಲಿ ಯಾಕ ಬೇಕು’ ಅಂತ ಮನೆಯವರೇ ತೀರ್ಮಾನ ಮಾಡಿರುತ್ತಾರೆ. ಒಂದನೇ ಇಯತ್ತೆಗೆ ಪಟ ಇಲ್ಲ ಅಂತ ನಾವು ಆಮೇಲೆ ಸಭೆ ಮಾಡ್ತೀವಿ. ಕನ್ನಡ ಶಾಲೆಗಳ ಅಳಿವು ಉಳಿವು ಒಂದನೇ ಇಯತ್ತೆಗಿಂತ ಮೊದಲೇ ಅಂಗಳದಲ್ಲಿ ಅರ್ಧ ತೀರ್ಮಾನವಾಗಿರುತ್ತದೆ ಅನ್ನೋದು ನನ್ನ ವಾದ.

ಒಂದು ಚಿಕ್ಕ ಉದಾಹರಣೆ. ಮಹಾರಾಷ್ಟ್ರದಲ್ಲಿ ಅಂಗನವಾಡಿ ಸೇವಿಕೆಯನ್ನು ‘ತಾಈ’ ಅಂತ ಕರೆಯುತ್ತಾರೆ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ಕನ್ನಡದ ಕಿವಿಗೆ ಅದು ತಾಯಿ. ನಮ್ಮ ಕಡೆಯ ಮಗುವಿಗೆ ಅವಳು ಅಕ್ಕಳೂ ಹೌದು, ಅವ್ವಳೂ ಹೌದು. ಈ ಒಂದು ಶಬ್ದವನ್ನು ಹಿಡಿದು ಎರಡೂ ಭಾಷೆಯ ಮಕ್ಕಳಿಗೆ ‘ನಿಮ್ಮ ಮನ್ಯಾಗ ಅಕ್ಕಗ ಏನಂತೀರಿ, ಅವ್ವಗ ಏನಂತೀರಿ’ ಅಂತ ಕೇಳಿ ಒಂದು ಗಂಟೆ ನಗುತ್ತಾ ಆಡಿಸಬಹುದು. ಇದಕ್ಕೆ ಸಾಮಾನೂ ಬೇಡ, ಅನುದಾನವೂ ಬೇಡ.

5. ಆಟಗಳು ಗಡಿ ನೋಡಿಲ್ಲ

ಆಟದ ಚರಿತ್ರೆ ಇಲ್ಲಿ ನಮ್ಮ ಪರವಾಗಿಯೇ ಇದೆ. ನಮ್ಮ ಕಣ್ಣಾಮುಚ್ಚಾಲೆ ತಮಿಳಿನಲ್ಲಿ ಕಣ್ಣಾಮೂಚ್ಚಿ. ಅಡಗಿ ಹುಡುಕುವ ಆಟಕ್ಕೆ ತೆಲುಗಿನಲ್ಲಿ ದಾಗುಡುಮೂತಲು, ಮರಾಠಿಯಲ್ಲಿ ಲಪಂಡಾವ್. ಅಳಗುಳಿಮಣೆ ತುಳುವಿನಲ್ಲಿ ಚೆನ್ನೆಮಣೆ, ತಮಿಳಿನಲ್ಲಿ ಪಲ್ಲಾಂಗುಳಿ, ತೆಲುಗಿನಲ್ಲಿ ವಾಮನಗುಂಟಲು. ಹುಣಸೆಬೀಜ, ಕುಳಿ, ಕೈ ಇವು ಎಲ್ಲ ಕಡೆ ಒಂದೇ.

ಭಾಷೆಯ ವಿದ್ಯಾರ್ಥಿನಿಯಾಗಿ ನನಗೆ ಬಹಳ ಇಷ್ಟವಾದದ್ದು ಚಿಣ್ಣಿದಾಂಡಿನ ಲೆಕ್ಕ. ಮರಾಠಿಯ ವಿಟಿದಾಂಡು ಆಟದಲ್ಲಿ ಮಕ್ಕಳು ಅಳತೆಗೆ ಹೇಳುವ ಹಳೆಯ ಎಣಿಕೆ ಇದೆ: ವಕಟ್, ಲೇಂಡ್, ಮೂಂಡ್, ನಾಲ್. ಮುಂದಿನವು ಊರಿಂದೂರಿಗೆ ಬದಲಾಗುತ್ತವೆ. ಮರಾಠಿಯ ಏಕ, ದೋನ, ತೀನ, ಚಾರಕ್ಕೂ ಇದಕ್ಕೂ ಸಂಬಂಧ ಇಲ್ಲ. ಪಕ್ಕದಲ್ಲಿ ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗು ಇಟ್ಟು ನೋಡಿ. ಕನ್ನಡದ ಮೂರು, ನಾಲ್ಕನ್ನೂ ಇಟ್ಟು ನೋಡಿ. ಲೆಕ್ಕ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾಗಿಲ್ಲ. ದೊಡ್ಡವರು ಗಡಿಗಾಗಿ ಜಗಳಾಡಿದ ನಾಡಿನಲ್ಲಿ ಮಕ್ಕಳು ನೆರೆಭಾಷೆಯ ಎಣಿಕೆಯನ್ನು ಜೋಪಾನ ಮಾಡಿಕೊಂಡು ಬಂದಿದ್ದಾರೆ. ಇನ್ನೊಬ್ಬರ ಭಾಷೆಯನ್ನು ಬರೀ ಆಟಕ್ಕೆ ಕರೆದುಕೊಳ್ಳಲಿಲ್ಲ, ಲೆಕ್ಕಕ್ಕೇ ತೆಗೆದುಕೊಂಡರು.

ನಮ್ಮ ಶಿಶುಸಾಹಿತ್ಯದ ಚರಿತ್ರೆಯಲ್ಲೂ ಇಂಥ ಬೆರಕೆ ಇದೆ. ಹೊಸಗನ್ನಡದ ಮಕ್ಕಳ ಪದ್ಯಕ್ಕೆ ದಾರಿ ಹಾಕಿದ ಪಂಜೆ ಮಂಗೇಶರಾಯರ (1874-1937) ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಬರೆದದ್ದು ಕನ್ನಡ. ಅವರು ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದಾಗ ಕಾಸರಗೋಡು ಅದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೈಕಾಲು ಆಡಿಸಿಕೊಂಡು ಹಾಡಲು ಬರುವ ಅವರ ಪದ್ಯಗಳು ಹುಟ್ಟಿದ್ದು ಮೂರು ನಾಲ್ಕು ಭಾಷೆಯ ಮಕ್ಕಳು ಒಂದೇ ಬೆಂಚಿನ ಮೇಲೆ ಕೂರುವ ನಾಡಿನಲ್ಲಿ. ಮನೆಮಾತು ಬೇರೆ ಇದ್ದವರೇ ಕನ್ನಡದ ಮಕ್ಕಳಿಗೆ ಹಾಡು ಕೊಟ್ಟರು ಅನ್ನೋದನ್ನು ನಾವು ಗಡಿಯ ಮಾತು ಬಂದಾಗ ಮರೆಯಬಾರದು.

6. ಆಟ ತಾನಾಗಿ ಒಳ್ಳೆಯದಲ್ಲ

ಇಷ್ಟು ಕೇಳಿದ ಮೇಲೆ ‘ಮಕ್ಕಳು ದೇವರಿದ್ದಂಗ, ಬಿಟ್ಟರ ಸಾಕು ತಾವೇ ಕೂಡಿ ಆಡತಾವ’ ಅಂತ ಯಾರಾದರೂ ಹೇಳಬಹುದು. ನಾನು ಅದನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಅಡಿಗಿ ಆಟ ಅಂತಾರೆ, ಮರಾಠಿಯಲ್ಲಿ ಭಾತುಕಲಿ. ಪುಟ್ಟ ಪಾತ್ರೆಗಳಲ್ಲಿ ಮಣ್ಣಿನ ರೊಟ್ಟಿ, ಎಲೆಯ ಪಲ್ಯ, ಬೀಗರಿಗೆ ಊಟ. ಈ ಆಟವನ್ನು ಅರ್ಧ ಗಂಟೆ ಕೂತು ನೋಡಿ. ಯಾರು ಅಡುಗೆ ಮಾಡುತ್ತಾರೆ, ಯಾರು ಬಾಗಿಲ ಹೊರಗೆ ಕೂರುತ್ತಾರೆ, ಯಾರ ಮನೆಯ ಊಟ ಯಾರು ‘ಒಲ್ಲೆ’ ಅನ್ನುತ್ತಾರೆ, ಯಾರು ಕಸ ಗುಡಿಸುವವರಾಗುತ್ತಾರೆ. ನಾಲ್ಕು ವರ್ಷದ ಮಕ್ಕಳು ಊರಿನ ಜಾತಿಪದ್ಧತಿಯನ್ನು ಕರಾರುವಾಕ್ಕಾಗಿ ಆಡಿ ತೋರಿಸಬಲ್ಲವು. ಆಟ ಊರಿನ ಕನ್ನಡಿ. ಊರು ಹೇಗಿದೆಯೋ ಆಟ ಹಾಗಿರುತ್ತದೆ, ಯಾರಾದರೂ ನಡುವೆ ಬಂದು ಒಂದು ನಿಯಮ ಬದಲಿಸುವ ತನಕ.

ಆ ನಿಯಮ ಬದಲಿಸುವುದೇ ಅಕ್ಕೋರ ಕೆಲಸ. ಇವತ್ತು ಅಡುಗೆ ಗಂಡುಮಕ್ಕಳದು, ಊಟ ಹೊರಗೆ ಕೂತವರ ಮನೆಯಲ್ಲಿ. ಇವತ್ತು ಜೋಳದ ರೊಟ್ಟಿ, ನಾಳೆ ಶೀರ್‌ಖುರ್ಮಾ, ನಾಡಿದ್ದು ಲಂಬಾಣಿ ತಾಂಡಾದ ಮಕ್ಕಳು ಹೇಳಿದ ಅಡುಗೆ. ಓಡಲಾರದ ಮಗು ಇದ್ದರೆ ಎಲ್ಲರೂ ಕೂತೇ ಆಡುವ ಆಟ: ಎಲ್ಲರೂ ಕೂತ ಮೇಲೆ ಚಪ್ಪಾಣಿ ಯಾರೂ ಇಲ್ಲ. ಕಣ್ಣು ಕಾಣದ ಮಗು ಇದ್ದರೆ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ, ಗೆಜ್ಜೆ ಸದ್ದು ಹಿಡಿದು ಹುಡುಕುವ ಆಟ. ಅಲ್ಲಿ ಆ ಮಗುವೇ ಗೆಲ್ಲುವ ಸಂಭವ ಹೆಚ್ಚು. ಅಳಗುಳಿಮಣೆಯನ್ನು ಬೆರಳಿನಿಂದ ಎಣಿಸಿ ಆಡಬಹುದು, ಅದಕ್ಕೆ ಕಣ್ಣೂ ಬೇಡ, ಒಂದೇ ಭಾಷೆಯೂ ಬೇಡ. ಇದರಲ್ಲಿ ಕರುಣೆಯ ಪ್ರಶ್ನೆ ಇಲ್ಲ. ಯಾವ ಮಗು ಯಾವ ಆಟದಲ್ಲಿ ಬಲ್ಲವಳು ಅಂತ ಹುಡುಕಿ ಅಂಥ ಆಟವನ್ನು ಸರದಿಯಲ್ಲಿ ತರುವುದು. ಬೋರ್ಡಿಯಲ್ಲಿ ಹರಳು ಬೀಜ ಮಾಡಿದ ಕೆಲಸವೂ ಇದೇ.

ಕೊನೆಯದಾಗಿ ನಮ್ಮವರಿಗೇ ಒಂದು ಮಾತು. ಗಡಿಯ ಕನ್ನಡಿಗರು ತಮ್ಮನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಮಾಡಿದ್ದಾರೆ ಅಂತ ನೋಯುತ್ತಾರೆ. ನೋವು ನಿಜ. ಆದರೆ ನಮ್ಮ ಕನ್ನಡ ಓಣಿಯಲ್ಲೇ ಲಂಬಾಣಿ ಮಗು ಇದೆ, ಉರ್ದು ಮಗು ಇದೆ, ಪಾರಧಿ ಮಗು ಇದೆ. ಗಡಿಯ ಈಚೆಗೆ ಬೆಳಗಾವಿಯಲ್ಲಿ ಮರಾಠಿ ಮಗು, ಬಳ್ಳಾರಿಯಲ್ಲಿ ತೆಲುಗು ಮಗು ಇವೆ. ಅಂಗನವಾಡಿಯಲ್ಲಿ ಕನ್ನಡ ಬೇಕು ಅಂತ ನಾವು ಮಹಾರಾಷ್ಟ್ರದಲ್ಲಿ ಕೇಳುವಾಗ 350ಎ ವಿಧಿಯ ಆಶಯವನ್ನೇ ಕೇಳ್ತಿರ್ತೀವಿ. ಆ ಆಶಯ ಆ ಮಕ್ಕಳಿಗೂ ಸೇರಿದ್ದು. ನಮಗೆ ಬೇಕಾದ ಲೆಕ್ಕವನ್ನು ಬೇರೆಯವರಿಗೆ ಕೊಡದೆ ಕೇಳಲಾಗದು.

ನಾನು ಕೇಳುವುದು ದೊಡ್ಡದೇನಲ್ಲ. ಅಂಗನವಾಡಿಯ ವಹಿಯಲ್ಲಿ ತೂಕದ ಪಕ್ಕದಲ್ಲಿ ಮನೆಮಾತು ಅಂತ ಒಂದು ಕಲಮು ಇರಲಿ. ಗಡಿಭಾಗದಲ್ಲಿ ಕಾರ್ಯಕರ್ತೆ ಅಥವಾ ಸಹಾಯಕಿ ಇಬ್ಬರಲ್ಲಿ ಒಬ್ಬರಿಗಾದರೂ ಅಲ್ಲಿನ ಮಕ್ಕಳ ಮಾತು ಬರಲಿ. ವಾರಕ್ಕೊಮ್ಮೆ ಒಬ್ಬ ಮಗುವಿನ ಮನೆಯ ಆಟ, ಆ ಮನೆಯ ಭಾಷೆಯ ಎಣಿಕೆಯಲ್ಲೇ ಎಲ್ಲರೂ ಆಡಲಿ. ಕನ್ನಡ ವಿಭಾಗಗಳಲ್ಲಿ ಓದುವ ನಾವು ಈ ಆಟಗಳನ್ನು, ಎಣಿಕೆಗಳನ್ನು ಊರೂರಿನಲ್ಲಿ ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಮಾಡಬಹುದು. ಇಷ್ಟು ಹೇಳಿ ನನ್ನ ಪ್ರಬಂಧ ಮುಗಿಸುತ್ತೇನೆ.

ಪ್ರಶ್ನೋತ್ತರದಿಂದ

ಪ್ರಶ್ನೆ (ಅಧ್ಯಾಪಕರೊಬ್ಬರು): ಮೂರು ವರ್ಷದಿಂದಲೇ ಮನೆಮಾತು ಅಂದರೆ ರಾಜ್ಯಭಾಷೆ ಕಲಿಯುವುದರಲ್ಲಿ ಮಕ್ಕಳು ಹಿಂದೆ ಬೀಳುವುದಿಲ್ಲವೇನಮ್ಮ?

ಉತ್ತರ: ಸರ್, ಮಹಾರಾಷ್ಟ್ರದಲ್ಲಿ ಇರುವವರಿಗೆ ಮರಾಠಿ ಬೇಕೇ ಬೇಕು. ನನಗೆ ಮರಾಠಿ ಬರ್ತದ, ಅದರಿಂದ ನನಗೆ ಲಾಭವೇ ಆಗಿದೆ. ನಾನು ಕೇಳ್ತಿರೋದು ಕ್ರಮದ ವಿಷಯ. ಮಗು ತನ್ನ ಮಾತಿನಲ್ಲಿ ಒಮ್ಮೆ ಬಾಯಿ ಬಿಟ್ಟ ಮೇಲೆ ಎರಡನೇ ಭಾಷೆ ಆಟದಲ್ಲೇ ಬರುತ್ತದೆ. ಬಾಯಿ ಮುಚ್ಚಿ ಕೂತ ಮಗುವಿಗೆ ಎರಡೂ ಬರುವುದಿಲ್ಲ.

ಪ್ರಶ್ನೆ (ಕಾಸರಗೋಡಿನ ವಿದ್ಯಾರ್ಥಿ): ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮಭೂಮಿ ಅಂತಾರೆ. ಮಲಯಾಳ, ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು. ಒಬ್ಬ ಟೀಚರ್ ಏಳು ಭಾಷೆ ಕಲಿಯಲಿಕ್ಕೆ ಆಗ್ತದಾ?

ಉತ್ತರ: ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಟೀಚರಿಗೆ ಏಳು ಭಾಷೆ ಬಾರದಿದ್ದರೂ ಆ ಕೋಣೆಯ ಮಕ್ಕಳ ನಡುವೆ ಏಳೂ ಇರುತ್ತವೆ. ಅಜ್ಜಿಯರ ಹತ್ತಿರವೂ ಇರುತ್ತವೆ. ‘ನನಗೆ ಬ್ಯಾರಿ ಬರುವುದಿಲ್ಲ, ನೀನು ಹೇಳಿಕೊಡು, ಒಂದರಿಂದ ಐದರ ತನಕ ಎಣಿಸು’ ಅಂತ ಟೀಚರ್ ಕೇಳಿದ ದಿನ ಆ ಮಗು ಟೀಚರ್ ಆಗುತ್ತದೆ. ಉಳಿದ ಮಕ್ಕಳು ಆ ಎಣಿಕೆಯಲ್ಲೇ ಕುಂಟಾಬಿಲ್ಲೆ ಆಡಲಿ. ಅವತ್ತಿನ ಲೆಕ್ಕ ಅವಳದು, ನಾಳೆಯದು ಇನ್ನೊಬ್ಬರದು.